ಎಡಗೈಯ ಕೆಲಸ

ಬಬಲೇಶ್ವರದ ನಮ್ಮ ಮನೆಯ ಪಡಸಾಲೆಯಲ್ಲಿ ಈಗ ಒಂದು ಪಿನ್‌ಬಾಲ್ ಪೆಟ್ಟಿಗೆ ನಿಂತಿದೆ. ನಾಲ್ಕು ಕಾಲಿನ ಮೇಲೆ ಮುಂದಕ್ಕೆ ತುಸು ಇಳಿಜಾರಾಗಿ ಕೂರಿಸಿದ ಉದ್ದನೆಯ ಮರದ ಪೆಟ್ಟಿಗೆ. ಮೇಲ್ಮೈಯಲ್ಲಿ ಅಂಗಾತ ಮಲಗಿಸಿದ ಟಿವಿ, ತಲೆಯ ಕಡೆ ಅಂಕ ತೋರಿಸುವ ಇನ್ನೊಂದು ಚಿಕ್ಕ ಪರದೆ, ಹೊಟ್ಟೆಯೊಳಗೆ ಹಳೆಯ ಕಂಪ್ಯೂಟರ್. ಗುಂಡು ನಿಜವಾದದ್ದಲ್ಲ, ಪರದೆಯ ಮೇಲಿನ ಚಿತ್ರ. ಅದು ಮೇಲಿನಿಂದ ಉರುಳಿ ಬರುತ್ತದೆ. ಕೆಳತುದಿಯಲ್ಲಿರುವ ಎರಡು ಪುಟ್ಟ ತೋಳುಗಳಿಂದ ಅದನ್ನು ಮತ್ತೆ ಮೇಲಕ್ಕೆ ಹೊಡೆಯಬೇಕು. ಎರಡರ ನಡುವಿನ ಸಂದಿಯಲ್ಲಿ ಇಳಿದರೆ ಗುಂಡು ಹೋಯಿತು. ತೋಳುಗಳನ್ನು ಎಬ್ಬಿಸುವ ಬಟನ್‌ಗಳು ಮಾತ್ರ ನಿಜವಾದವು, ಪೆಟ್ಟಿಗೆಯ ಎಡಪಕ್ಕಕ್ಕೆ ಒಂದು, ಬಲಪಕ್ಕಕ್ಕೆ ಒಂದು. ಮನೆಗೆ ಬಂದವರು ಇದನ್ನು ಮೊದಲು ಐಸ್‌ಕ್ರೀಮಿನ ಫ್ರೀಜರ್ ಎಂದುಕೊಳ್ಳುತ್ತಾರೆ.

ಹೋದ ವಾರ ಅವ್ವ ಆಡಲು ನಿಂತಳು.

"ಈ ಎಡಗಡೆ ಬಟನ್ ಭಾಳ ಬಿರುಸೈತಿ ನೋಡು. ಬಲಗಡೇದು ಹೂವಿನಂಗ ಹೋಗತೈತಿ. ಇದನ್ನೂ ಹಂಗ ಮಾಡು."

"ಬ್ಯಾಡವ್ವ."

"ಯಾಕ? ಒಳಗಿನ ಸ್ಪ್ರಿಂಗ್ ಬದಲಿ ಮಾಡಿದ್ರ ಆತಲ್ಲ."

"ಅದು ನಿಮ್ಮ ಟೈಪಿಂಗ್ ಅಕ್ಕೋರು ಹಾಕಿಸಿದ ಸ್ಪ್ರಿಂಗ್."

ಅವ್ವ ಎಡಗೈಯ ಕಿರುಬೆರಳನ್ನು ಮತ್ತೆ ಅಲ್ಲೇ ಇಟ್ಟು ಒತ್ತಿದಳು. ಕೈಯ ಕಡೆ ನೋಡಲಿಲ್ಲ. ಕೆಲಸ ಮಾಡುವಾಗ ಕೈ ನೋಡಬಾರದೆಂದು ಅವಳಿಗೆ ಕಲಿಸಿದವರೂ ಅವರೇ. ಈ ಚಳಿಗಾಲದಲ್ಲಿ ಅವರು ತೀರಿಕೊಂಡರು. ಪೆಟ್ಟಿಗೆ ನಮ್ಮ ಮನೆಗೆ ಬಂದದ್ದು ಹಾಗೆ.

ಅವರು ವಿಜಯಪುರದ ಪೇಟೆಯಲ್ಲಿ, ಒಂದು ಅಂಗಡಿಯ ಮಾಳಿಗೆಯ ಮೇಲೆ, ಬಹುಕಾಲ ಟೈಪಿಂಗ್ ಕ್ಲಾಸ್ ನಡೆಸಿದವರು. ನಮ್ಮಂಥವರಿಗೆ ಅಕ್ಕೋರು, ಮುಸ್ಲಿಂ ಹುಡುಗಿಯರಿಗೆ ಆಪಾ. ಹೆದರಿಕೆಯಲ್ಲಿ ಮಾತ್ರ ಭೇದವಿರಲಿಲ್ಲ. ಎತ್ತರದ, ತೆಳ್ಳನೆಯ ಹೆಂಗಸು. ಮದುವೆಯಾಗಿರಲಿಲ್ಲ, ಯಾಕೆಂದು ಯಾರಾದರೂ ಅವರನ್ನು ಕೇಳಿದ್ದನ್ನು ನಾನು ನೋಡಿಲ್ಲ. ದುಪಟ್ಟಾವನ್ನು ಎರಡೂ ಹೆಗಲಿಗೆ ಪಿನ್ ಹಾಕಿ ಕೂರಿಸುತ್ತಿದ್ದರು. ಕೈಯಲ್ಲಿ ಸದಾ ಒಂದು ಮರದ ಅಡಿಪಟ್ಟಿ. ಅದರಿಂದ ಯಾರಿಗೂ ಹೊಡೆದವರಲ್ಲ. ಮೇಜಿನ ಅಂಚಿಗೆ ತಾಳ ಹಾಕಲು ಅದು ಬೇಕಿತ್ತು.

ಹೊಸದಾಗಿ ಸೇರಿದವರಿಗೆ ಅವರು ಒಂದು ಅರಿವೆ ಕೊಡುತ್ತಿದ್ದರಂತೆ. ಅದರ ಒಂದು ತುದಿಯನ್ನು ಯಂತ್ರಕ್ಕೆ ಸಿಕ್ಕಿಸಿ, ಇನ್ನೊಂದು ತುದಿಯ ದಾರವನ್ನು ಕಲಿಯುವವರ ಕೊರಳಿಗೆ ಕಟ್ಟಬೇಕು. ಎರಡೂ ಕೈ ಅದರ ಕೆಳಗೆ ಮುಚ್ಚಿಹೋಗುತ್ತವೆ. "ಹಾಳಿ ನೋಡ್ರಿ, ಕೈ ನೋಡಬ್ಯಾಡ್ರಿ. ಕೈಗೆ ತನ್ನ ಮನಿ ಗೊತ್ತಿರತೈತಿ," ಎನ್ನುತ್ತಿದ್ದರಂತೆ. ಇನ್ನೊಂದು ಮಾತು, "ಹೊಡದು ಬಿಡ್ರಿ. ಒತ್ತಿ ಹಿಡೀಬ್ಯಾಡ್ರಿ. ಹಿಡಿದ್ರ ಅಕ್ಷರದ ಕಡ್ಡಿಗೋಳು ಒಂದಕ್ಕೊಂದು ಸಿಕ್ಕೊಂಡು ನಿಲ್ಲತಾವ." ಯಾರನ್ನೂ ಬಾಯಿ ತುಂಬ ಹೊಗಳಿದವರಲ್ಲ. ಒಂದು ಪುಟ ತಪ್ಪಿಲ್ಲದೆ ಮುಗಿದರೆ ಹಿಂದೆ ಬಂದು ನಿಂತು "ಹಾಳಿ ತಗೀ" ಎನ್ನುವರು. ಅಷ್ಟೇ. ಯಂತ್ರದಿಂದ ಹಾಳಿ ತೆಗೆಯಲು ಹೇಳಿದರೆಂದರೆ ಆ ಪಾಠದಲ್ಲಿ ಪಾಸಾದಂತೆ.

ಅವ್ವ ಆಗಾಗ ಹೇಳುವ ಒಂದು ಸಂಗತಿಯಿದೆ. ಕ್ಲಾಸಿಗೆ ಹೋಗುತ್ತಿದ್ದ ದಿನಗಳಲ್ಲಿ ಅವಳ ಎಡಗೈಯ ಕಿರುಬೆರಳು ಹಂಚಿಗೆ ತಗುಲಿ ಸುಟ್ಟಿತು. ಪಟ್ಟಿ ಕಟ್ಟಿಕೊಂಡೇ ಹೋಗಿ, ಕಿರುಬೆರಳಿನ ಕೀಲಿಗಳನ್ನು ಉಂಗುರ ಬೆರಳಿನಿಂದ ಹೊಡೆಯುತ್ತ ಕುಳಿತಳು. ಅಕ್ಕೋರು ಕೋಣೆಯ ಆ ತುದಿಯಲ್ಲಿದ್ದರು. ಸಪ್ಪಳದ ಮೇಲೆಯೇ ಗೊತ್ತಾಯಿತು.

"ಏಳು. ಮನಿಗೆ ಹೋಗು. ಬೆರಳು ಗುಣಾದ ಮ್ಯಾಲ ಬಾ."

"ನಡೀತೈತ್ರಿ ಅಕ್ಕೋರ, ಈ ಬೆರಳಿಲೆ ಹೊಡೀತೇನಿ."

"ಅದಕ್ಕ ಹೋಗು ಅಂದದ್ದು. ಒಬ್ಬರ ಕೆಲಸ ಇನ್ನೊಬ್ಬರು ಮಾಡಾಕ ಕಲಿತ್ರ, ಮೊದಲಿನವರು ಹೊಳ್ಳಿ ಬರಂಗಿಲ್ಲ."

ಅವ್ವ ಆಗ ಅತ್ತಿದ್ದಳು. ಆಮೇಲೆ ಟೈಪಿಂಗ್ ಪರೀಕ್ಷೆಗಳಲ್ಲಿ ಜೂನಿಯರ್ ಮುಗಿಸಿ, ಸೀನಿಯರ್ ಮುಗಿಸಿ, ಬಬಲೇಶ್ವರದ ಒಂದು ಕಚೇರಿಯಲ್ಲಿ ಟೈಪಿಸ್ಟ್ ಆದಳು. ಓದಲು ನಾನು ವಿಜಯಪುರಕ್ಕೆ ಹೋಗುವುದೆಂದಾದಾಗ ಹಾಸ್ಟೆಲ್ ಬೇಡವೆಂದು ಅವಳೇ ನನ್ನನ್ನು ಆ ಊರಿನದೇ ಒಂದು ಬಡಾವಣೆಯಾದ ಇಬ್ರಾಹಿಂಪುರಕ್ಕೆ ಕರೆದುಕೊಂಡು ಹೋಗಿ ಅಕ್ಕೋರ ಮನೆಯ ಮೇಲಿನ ಕೋಣೆಯಲ್ಲಿ ಇಳಿಸಿದಳು. "ಇಕಿ ಭಾಳ ಮಾತಾಡಂಗಿಲ್ರಿ," ಎಂದು ನನ್ನ ಪರವಾಗಿ ಕ್ಷಮೆ ಕೇಳುವಂತೆ ಹೇಳಿದಳು. "ಚೊಲೋ ಆತು. ನನಗೂ ತ್ರಾಸಿಲ್ಲ," ಎಂದರು ಅವರು.

ಆ ಹೊತ್ತಿಗೆ ಕ್ಲಾಸ್ ಮುಚ್ಚಿತ್ತು. ಯಂತ್ರಗಳನ್ನು ಗುಜರಿಗೆ ಹಾಕಿ ಒಂದನ್ನು ಮಾತ್ರ ಮನೆಯಲ್ಲಿ ಇಟ್ಟುಕೊಂಡಿದ್ದರು. ನಾನು ಕಂಪ್ಯೂಟರ್ ಸೈನ್ಸ್‌ನಲ್ಲಿ ಎಂ.ಎಸ್ಸಿ. ಮುಗಿಸಿ, ಅಲ್ಲೇ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾದೆ. ಕೋಣೆ ಬದಲಿಸಲಿಲ್ಲ. ದಿನಕ್ಕೆ ಹತ್ತು ಮಾತು ಆಡುತ್ತಿದ್ದೆವೋ ಇಲ್ಲವೋ. ಬೆಳಿಗ್ಗೆ ಅವರು ಕೆಳಗಿನಿಂದ ಕಿಟಕಿಯ ಸರಳಿಗೆ ಅಡಿಪಟ್ಟಿಯಿಂದ ಬಡಿದರೆ ಚಹಾ ಆಗಿದೆ ಎಂದು ಅರ್ಥ. ನನ್ನ ಹೆಸರು ಹಿಡಿದು ಕೂಗಿದ್ದು ಕಡಿಮೆ.

ಒಂದು ಬೆಳಿಗ್ಗೆ ಆ ಬಡಿತ ನಿಲ್ಲಲಿಲ್ಲ. ಇಳಿದು ಹೋಗಿ ನೋಡಿದರೆ ಅವರು ಕಿಟಕಿಯ ಕೆಳಗೆ ನೆಲದ ಮೇಲೆ ಕುಳಿತು, ಬಲಗೈ ಮಾತ್ರ ಎತ್ತಿ ಬಡಿಯುತ್ತಿದ್ದರು. ಬಾಯಿ ಒಂದು ಕಡೆ ಜಗ್ಗಿತ್ತು. ಲಕ್ವಾ ಹೊಡೆದಿತ್ತು.

ಮಾತು ಬೇಗ ತಿರುಗಿ ಬಂತು. ಕಾಲು ನಿಧಾನಕ್ಕೆ ಬಂತು. ಎಡಗೈ ಅರ್ಧ ಬಂದು ನಿಂತಿತು. ಬೆರಳುಗಳು ಮುಚ್ಚಿಕೊಳ್ಳುತ್ತಿದ್ದವು, ಬೇಕೆಂದಾಗ ತೆರೆಯುತ್ತಿರಲಿಲ್ಲ. ಹಿಡಿದದ್ದನ್ನು ಬಿಡಲು ಬಲಗೈಯಿಂದ ಒಂದೊಂದೇ ಬೆರಳನ್ನು ಬಿಡಿಸಬೇಕಾಗುತ್ತಿತ್ತು. ಇಷ್ಟು ಬಂದದ್ದೇ ದೊಡ್ಡದೆಂದರು ಡಾಕ್ಟರು. ಹಿಸುಕಲು ಒಂದು ರಬ್ಬರ್ ಚೆಂಡು ಕೊಟ್ಟಿದ್ದರು. ಕೆಲವು ದಿನ ಹಿಸುಕಿ, ಅಕ್ಕೋರು ಅದನ್ನು ಓಣಿಯ ನಾಯಿಗೆ ಎಸೆದರು.

"ಇದನ್ನ ಹಿಸುಕಿದ್ರ ಏನ್ ಬರತೈತಿ, ತಂಗಿ? ಒಂದಕ್ಷರ ಮೂಡಂಗಿಲ್ಲ."

ಅವರಿಗೆ ಒಬ್ಬ ತಮ್ಮ. ತಿಕೋಟಾದಲ್ಲಿ ಬಾಗಿಲು, ಕಪಾಟು, ಟಿವಿ ಸ್ಟ್ಯಾಂಡು ಮಾಡುವ ಕಾರ್ಖಾನೆ ಇಟ್ಟುಕೊಂಡವರು. ಒಳ್ಳೆಯ ಮನುಷ್ಯ. ವಾರಕ್ಕೆರಡು ಸಲ ಬಂದು, ಅಕ್ಕನನ್ನು ತಿಕೋಟಾಕ್ಕೆ ಕರೆದೊಯ್ಯುವ ಮಾತೆತ್ತಿ, ಬೈಸಿಕೊಂಡು ಹೋಗುತ್ತಿದ್ದರು. ಮನೆಯಲ್ಲಿ ಅವರದು ಉರ್ದು. ನಾನಿದ್ದಾಗ ಮಾತ್ರ ಇಬ್ಬರೂ ಕನ್ನಡಕ್ಕೆ ತಿರುಗುತ್ತಿದ್ದರು. ಜಗಳದ ನಡುವೆಯೂ ಆ ಮರ್ಯಾದೆ ತಪ್ಪುತ್ತಿರಲಿಲ್ಲ.

ಆ ಮಾತು ಬೈಗುಳಕ್ಕೆ ಮುಗಿಯದ ದಿನವೂ ಬಂತು. ಅಕ್ಕೋರು ಎಡಗೈಯಲ್ಲಿ ಇಕ್ಕಳ ಹಿಡಿದು ಒಲೆಯಿಂದ ಹಾಲಿನ ಪಾತ್ರೆ ಇಳಿಸಿದ್ದಾರೆ. ಕಟ್ಟೆಯ ಮೇಲೆ ಇಟ್ಟರೂ ಕೈ ಇಕ್ಕಳವನ್ನು ಬಿಡಲಿಲ್ಲ. ಬಿಡಿಸಲು ಬಲಗೈ ತಂದಾಗ ಪಾತ್ರೆ ವಾಲಿ ಹಾಲೆಲ್ಲ ಮುಂಗೈ ಮೇಲೆ ಚೆಲ್ಲಿತು. ಗಾಯ ನೋಡಿದ ತಮ್ಮ ಕುರ್ಚಿಯ ಮೇಲೂ ಕೂರಲಿಲ್ಲ.

"ಸಾಕು ಆಪಾ. ತಿಕೋಟಾದಾಗ ಕೆಳಗಿನ ಖೋಲಿಗೆ ಬಣ್ಣ ಹೊಡಿಸೇನಿ. ಬಕ್ರೀದ್ ಆದ ಮ್ಯಾಲ ಟೆಂಪೊ ತರತೇನಿ. ಈ ಮನಿ ಕೀಲಿ ಹಾಕೂಣು."

"ನಾ ಬಂದು ಏನ್ ಮಾಡ್ಲಿ ಅಲ್ಲಿ?"

"ಏನೂ ಮಾಡಬ್ಯಾಡ. ಕೂಡು. ನಿನ್ನ ಸೊಸಿಗೋಳು ಅದಾರ, ಎಲ್ಲಾ ಕೈಗೆ ತಂದು ಕೊಡತಾರ."

"ಅದನ್ನ ಕೇಳಿದ್ನಿ. ಕೈಗೆ ತಂದು ಕೊಟ್ರ ಕೈ ಏನ್ ಮಾಡತೈತಿ?"

ತಮ್ಮ ಗಾಯದ ಕಡೆ ಬೆರಳು ತೋರಿಸಿದರು. ಅಕ್ಕೋರು ಸುಟ್ಟ ಕೈಯನ್ನು ದುಪಟ್ಟಾದ ಕೆಳಗೆ ಸರಿಸಿಕೊಂಡರು.

ಅದೇ ವಾರ ಒಂದು ಮಧ್ಯಾಹ್ನ ಕಿಟಕಿಯ ಸರಳು ಸದ್ದು ಮಾಡಿತು. ಚಹಾದ ಹೊತ್ತಲ್ಲ. ಇಳಿದು ಹೋದೆ.

"ಮ್ಯಾಲ ಏನ್ ಸಪ್ಪಳ ಅದು?"

ನನಗೆ ನಾಚಿಕೆಯಾಯಿತು. ಲ್ಯಾಪ್‌ಟಾಪಿನಲ್ಲಿ ಪಿನ್‌ಬಾಲ್ ಆಡುವ ಚಟ ನನಗೆ ಕಾಲೇಜಿನ ದಿನಗಳಿಂದ ಇತ್ತು. ಹಳೆಯ ಕಾಲದ ಆಟದ ಯಂತ್ರಗಳನ್ನು ಅಚ್ಚುಕಟ್ಟಾಗಿ ಪರದೆಯ ಮೇಲೆ ಕಟ್ಟುವವರು ಜಗತ್ತಿನ ತುಂಬ ಇದ್ದಾರೆ. ಅವರು ಉಚಿತವಾಗಿ ಹಂಚುವ, ಟೇಬಲ್ ಎಂದು ಕರೆಯುವ ಆ ಆಟಗಳನ್ನು ಇಳಿಸಿಕೊಂಡು ಆಡುತ್ತಿದ್ದೆ. ಯಾರಿಗೂ ಹೇಳಿರಲಿಲ್ಲ.

"ಆಟ ರೀ. ಸಪ್ಪಳ ಸಣ್ಣದು ಮಾಡತೇನಿ."

"ಅದು ಪಿನ್‌ಬಾಲ್ ಅಲ್ಲೇನು?"

ಕ್ಲಾಸಿನ ಕೆಳಗಿನ ಅಂಗಡಿಯಲ್ಲಿ ಒಂದು ಕಾಲದಲ್ಲಿ ವಿಡಿಯೋ ಗೇಮ್ ನಡೆಯುತ್ತಿತ್ತಂತೆ. ಮಾಲೀಕ ಸೊಲ್ಲಾಪುರದಿಂದ ಒಂದು ಹಳೆಯ ಪಿನ್‌ಬಾಲ್ ಯಂತ್ರ ತಂದಿಟ್ಟಿದ್ದ. ಅದರ ಟಕಟಕ ಮೇಲಿನ ಟೈಪಿಂಗಿನ ತಾಳ ಕೆಡಿಸುತ್ತಿತ್ತು. ಬೈಯಲೆಂದು ಇಳಿದು ಹೋದ ಇವರಿಗೆ ಅವನು "ಅಕ್ಕೋರ, ಒಂದು ಸಲ ಆಡಿ ನೋಡಿ ಬೈರಿ," ಎಂದನಂತೆ. ಆಡಿದರು. ಬೈಯಲಿಲ್ಲ. ಆಮೇಲೆ ಗಿರಾಕಿಗಳಿಲ್ಲದ ಮಧ್ಯಾಹ್ನ ಹೊತ್ತಿನಲ್ಲಿ, ಅವನು ಅಂಗಡಿಯ ಅರ್ಧ ಬಾಗಿಲು ಹಾಕಿ ಕೊಟ್ಟಾಗ, ಆಗೀಗ ಆಡುತ್ತಿದ್ದರಂತೆ. ಅಂಗಡಿ ಮುಚ್ಚಿದಾಗ ಯಂತ್ರವೂ ಹೋಯಿತು. ಇದನ್ನು ಅವರು ಬಹುಶಃ ನನಗೊಬ್ಬಳಿಗೇ ಹೇಳಿದ್ದು.

ಲ್ಯಾಪ್‌ಟಾಪ್ ಕೆಳಗೆ ತಂದೆ. ಯಾವ ಕೀಲಿಗೆ ಯಾವ ತೋಳು ಏಳುತ್ತದೆಂದು ತೋರಿಸಿದೆ. ಎಡಗಡೆಯ ಶಿಫ್ಟ್ ಒತ್ತಿದರೆ ಎಡ ತೋಳು, ಬಲಗಡೆಯ ಶಿಫ್ಟ್ ಒತ್ತಿದರೆ ಬಲ ತೋಳು. ಅವರು ಕೀಬೋರ್ಡನ್ನು ತಮ್ಮ ಮುಂದೆ ನೇರವಾಗಿ ಎಳೆದುಕೊಂಡರು. ಎಡಗೈಯನ್ನು ಬಲಗೈಯಿಂದ ಎತ್ತಿ ತಂದು ಅದರ ಸಾಲಿನಲ್ಲಿ ಇಟ್ಟು, ಕಿರುಬೆರಳನ್ನು ಶಿಫ್ಟ್ ಮೇಲೆ ಕೂರಿಸಿದರು.

"ಶಿಫ್ಟ್ ಅಂದ್ರ ಕಿರುಬೆರಳು," ಎಂದರು.

ಎಡ ತೋಳು ಎದ್ದಿತು. ಇಳಿಯಲಿಲ್ಲ. ಗುಂಡು ಅದರ ಕೆಳಗಿನ ಸಂದಿಯಲ್ಲಿ ಜಾರಿ ಹೋಯಿತು. ಮತ್ತೊಂದು ಗುಂಡು ಬಂತು, ಅದೂ ಹಾಗೆಯೇ ಹೋಯಿತು.

ಟೈಪ್‌ರೈಟರಿನ ಮೇಲೆಯೇ ರೂಢಿ ಮಾಡಬಹುದಲ್ಲ ಎಂದೆ.

"ಅದು ನನ್ನ ಸಲುವಾಗಿ ಕಾಯತೈತಿ, ತಂಗಿ. ಬೆರಳು ಎದ್ದಾಗ ಏಳಲಿ ಅಂತ ಸುಮ್ನ ಕುಂಡರತೈತಿ. ಗುಂಡು ಕಾಯಂಗಿಲ್ಲ."

ತಮ್ಮ ಮುಂದಿನ ಸಲ ಬಂದಾಗ ಅಕ್ಕೋರು ಒಂದೇ ಮಾತಿನಲ್ಲಿ ಕರಾರು ಮುಗಿಸಿದರು. "ಬಕ್ರೀದ್ ಆಗಲಿ. ಎಡಗೈಲೆ ಗುಂಡು ಹಿಡದು ನಿಲ್ಲಿಸಿ, ನನಗ ಬೇಕಾದಾಗ ಬಿಟ್ಟು, ಮ್ಯಾಲ ಹೊಡದು ತೋರಸ್ತೇನಿ. ಆಗಲಿಲ್ಲಂದ್ರ ಟೆಂಪೊದಾಗ ನಾನ ಮೊದಲ ಹತ್ತತೇನಿ. ಆದ್ರ, ತಿಕೋಟಾದ ಮಾತು ಮತ್ತ ಎತ್ತಬಾರದು."

"ಕಂಪ್ಯೂಟರ್ ಗೇಮ್ ಆಡಿ ತೋರಸ್ತೀಯಾ?"

"ಹಾಲು ಚೆಲ್ಲಿದ್ದು ಹಿಡೀಲಾರದಕ್ಕಲ್ಲ, ಬಿಡಲಾರದಕ್ಕ. ಬಿಡೂದು ಬಂತಂದ್ರ ಮುಗೀತಲ್ಲ? ಇನ್ನೊಂದು ಹೇಳತೇನಿ. ಪೆಟಗಿ ನೀನ ಮಾಡಿಕೊಡಬೇಕು."

ಮೇಜಿನ ಮೇಲಿನ ಲ್ಯಾಪ್‌ಟಾಪ್ ಅವರಿಗೆ ಸಾಕಾಗಿರಲಿಲ್ಲ. ಕೈ ಕಣ್ಣಿಗೆ ಬೀಳುತ್ತದೆ, ನೋಡದೆ ಇರಲಾಗುತ್ತಿಲ್ಲ ಎಂಬುದು ಅವರ ದೂರು. ಮನೆಯಲ್ಲೇ ಪೆಟ್ಟಿಗೆ ಕಟ್ಟಿ ಆಡುವವರ ಚಿತ್ರಗಳನ್ನು ನಾನು ತೋರಿಸಿದ್ದೆ. ಬಟನ್‌ಗಳು ಪಕ್ಕದಲ್ಲಿ ಇರುವುದರಿಂದ ಅಲ್ಲಿ ಕೈ ಕಾಣುವುದಿಲ್ಲ. ಅರಿವೆ ಕಟ್ಟಿದ ಹಾಗೆಯೇ.

ತಮ್ಮ ಬೈಯುತ್ತಲೇ ಮಾಡಿದರು, ಚೆನ್ನಾಗಿ ಮಾಡಿದರು. ತಿಕೋಟಾದಿಂದ ಪೆಟ್ಟಿಗೆ ಇಳಿಸಿದ ದಿನ ಅದರ ಉದ್ದ ನೋಡಿ ತಾವೇ ಹೌಹಾರಿದರು.

"ಆಪಾ, ಇದು ಮಯ್ಯತ್‌ದಾಗ ಹೆಣ ಒಯ್ಯೋ ಸಂದೂಕ ಆದಂಗ ಆಗೇತಲ್ಲ!"

"ಅಂಜಬ್ಯಾಡ ಲೇ. ಅದರಾಗ ಮಲಗಾಂವ ಟಿವಿ, ನಾ ಅಲ್ಲ."

ಟಿವಿ ಮಲಗಿಸಿ, ಕಂಪ್ಯೂಟರ್ ಜೋಡಿಸಿ, ತಂತಿಗಳನ್ನು ಹೊಂದಿಸಿದ್ದು ನಾನು. ತೋಳು ಎದ್ದಾಗ ನಿಜವಾದ ಯಂತ್ರದಂತೆ ಕೈಗೆ ಪೆಟ್ಟು ಗೊತ್ತಾಗಬೇಕೆಂದು ಅಕ್ಕೋರು ಹಟ ಹಿಡಿದರು. ಅದಕ್ಕೂ ತಮ್ಮನ ಬಳಿ ದಾರಿ ಇತ್ತು. ತಿಕೋಟಾದ ದ್ರಾಕ್ಷಿ ತೋಟಗಳಿಗೆ ಬೋರ್‌ವೆಲ್ ಸ್ಟಾರ್ಟರ್ ರಿಪೇರಿ ಮಾಡುವವನಿಂದ ಎರಡು ಹಳೆಯ ಕಾಂಟ್ಯಾಕ್ಟರ್ ತಂದರು. ಪಂಪ್ ಚಾಲೂ ಮಾಡಿದಾಗ ಡಬ್ಬಿಯೊಳಗೆ ಟಕ್ ಎನ್ನುತ್ತದಲ್ಲ, ಅದೇ. ಬಟನ್ ಒತ್ತಿದಾಗಲೆಲ್ಲ ಪೆಟ್ಟಿಗೆಯ ಒಳಗೆ ತೋಟದ ಮೋಟರು ಚಾಲೂ ಆದಂತೆ ಸದ್ದು. ಗಾಳಿಯ ಕಿಂಡಿಗಳಿಗೆ ಧೂಳು ಹೋಗದಂತೆ ಅಕ್ಕೋರು ತಮ್ಮ ಹಳೆಯ ದುಪಟ್ಟಾ ಕತ್ತರಿಸಿ ಅಂಟಿಸಿದರು.

ಬಟನ್‌ಗೆ ತೂತು ಎಲ್ಲಿ ಕೊರೆಯಬೇಕೆಂಬುದರಲ್ಲಿ ಒಂದು ತಕರಾರಾಯಿತು. ಚಿತ್ರದಲ್ಲಿ ಆಟಗಾರರು ನಡುಬೆರಳನ್ನೋ ತೋರುಬೆರಳನ್ನೋ ಬಟನ್ ಮೇಲೆ ಇಡುತ್ತಾರೆ. ಇವರು ಪೆಟ್ಟಿಗೆಯ ಪಕ್ಕಕ್ಕೆ ಕೈ ಚಾಚಿ, ಟೈಪ್‌ರೈಟರಿನ ಮುಂದೆ ಕೂತಂತೆ ಕೂತು, ಕಿರುಬೆರಳು ಬಿದ್ದ ಕಡೆ ಗುರುತು ಹಾಕಿಸಿದರು. ಆ ಜಾಗ ಸರಿಯಲ್ಲ, ಎಲ್ಲರೂ ಇಲ್ಲಿ ಇಟ್ಟುಕೊಳ್ಳುತ್ತಾರೆ ಎಂದೆ.

"ಅವರು ಟೈಪಿಂಗ್ ಕಲ್ತಿಲ್ಲ," ಎಂದರು.

ಸ್ಪ್ರಿಂಗಿನ ಮಾತು ಬಂದಾಗ ಉಳಿದಿದ್ದ ಒಂದೇ ಟೈಪ್‌ರೈಟರನ್ನು ಹಾಸಿಗೆಯ ಕೆಳಗಿನಿಂದ ಎಳೆಸಿದರು. ಅದರ ಎಡ ಶಿಫ್ಟಿನ ಸ್ಪ್ರಿಂಗ್ ಬಿಚ್ಚಿ ಎಡಗಡೆಯ ಬಟನ್ ಹಿಂದೆ ಹಾಕಬೇಕಂತೆ. ಬೆರಳಿಗೆ ಗುರುತಿರುವ ಬಿಗಿ ಅದು.

ತಮ್ಮ ಸ್ಕ್ರೂಡ್ರೈವರ್ ಹಿಡಿದು ನಿಂತೇ ಇದ್ದರು. "ಇದೊಂದ ಉಳದೈತಿ ಆಪಾ."

"ಉಳಿಸ್ಕೊಂಡು ಏನ್ ಮಾಡ್ಲಿ? ಉಳೀಬೇಕಾದ್ದು ಕೈ. ಬಿಚ್ಚು."

ಆಡಲು ಕೂತ ಮೊದಲ ದಿನವೇ ಅಕ್ಕೋರಿಗೆ ಅನುಮಾನ ಬಂತು. ಬಲಗಡೆಯ ಬಟನ್ ಒತ್ತಿದಾಗ ಎಡ ತೋಳೂ ಎದ್ದಿತು. ನಾನು ಕಂಪ್ಯೂಟರಿನಲ್ಲಿ ಹುಡುಕಿದೆ, ಎಲ್ಲ ಸರಿಯಿತ್ತು. ಎರಡು ದಿನದ ಹಿಂದೆ ತಮ್ಮ ನನ್ನನ್ನು ಬಾಗಿಲ ಬಳಿ ನಿಲ್ಲಿಸಿ, ಬಲಗೈಯಿಂದಲೇ ಎರಡೂ ಏಳುವ ಹಾಗೆ ಮಾಡಲು ಬರುತ್ತದೆಯೇ ಎಂದು ಕೇಳಿದ್ದರು. ಅಕ್ಕೋರನ್ನು ಕೇಳದೆ ಮಾಡುವುದಿಲ್ಲ ಎಂದಿದ್ದೆ. ಈಗ ತಮ್ಮನ ಮುಖ ನೋಡಿದೆ. ಅವರು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು.

"ಒಳಗ ಒಂದು ವಾಯರ್ ಹಾಕೀಯೇನು?"

"ನಿನಗ ತ್ರಾಸ ಆಗಬಾರದು ಅಂತ... ಬರೇ ಒಂದು ಸಣ್ಣ ವಾಯರ್ ಆಪಾ. ಗುಂಡು ಬಲಗೈಲೆ ಹೊಡದ್ರೇನು, ಎಡಗೈಲೆ ಹೊಡದ್ರೇನು? ಮ್ಯಾಲ ಹೋದ್ರ ಆತಲ್ಲ. ನೀ ಗೆದ್ದಿ ಅಂತ ನಾನೂ ಒಪ್ಪಿಕೊಳ್ತಿದ್ನಿ."

ಸೋಲಲು ತಯಾರಾಗಿಯೇ ಅವರು ಆ ತಂತಿ ಎಳೆದಿದ್ದರೆಂಬುದು ನನಗೆ ಆಗ ತಿಳಿಯಿತು. ಅಕ್ಕೋರಿಗೂ ತಿಳಿದಿರಬೇಕು. ದನಿ ಏರಿಸಲಿಲ್ಲ.

"ನೀ ಮಾಡಿದ್ದು ನನ್ನ ಸಲುವಾಗಿ, ಅದು ಗೊತ್ತೈತಿ. ಆದ್ರ ಕೇಳು. ಎಡಗೈದು ಕೆಲಸ ಬಲಗೈ ಮಾಡಾಕತ್ತಿತು ಅಂದ್ರ ಎಡಗೈ ಆರಾಮ ಕೂತ ಬಿಡತೈತಿ. ಆಮ್ಯಾಲ ಎಷ್ಟು ಕರದ್ರೂ ಬರಂಗಿಲ್ಲ. ಕತ್ತರಸು ಅದನ್ನ. ನನ್ನ ಮುಂದ ಕತ್ತರಸು."

ತಮ್ಮ ಹಿಂದಿನ ಹಲಗೆ ಬಿಚ್ಚಿ, ತಂತಿ ಕತ್ತರಿಸಿ, ತುಂಡನ್ನು ಅವರ ಕೈಗೆ ಕೊಟ್ಟರು. ಅಕ್ಕೋರು ಅದನ್ನು ಕಿಟಕಿಯಿಂದ ಹೊರಗೆ ಎಸೆದರು.

ಅಂದಿನಿಂದ ಅವರ ದಿನಚರಿ ಬದಲಾಯಿತು. ಬೆಳಗಿನ ನಮಾಜು, ಚಹಾ, ಆಮೇಲೆ ಪೆಟ್ಟಿಗೆ. ಕ್ಲಾಸಿನಿಂದ ತಂದಿದ್ದ ಹಳೆಯ ಸ್ಟೂಲಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂರುವರು. ನಾನು ಹತ್ತಾರು ಟೇಬಲ್‌ಗಳನ್ನು ತುಂಬಿಸಿಕೊಟ್ಟಿದ್ದೆ. ಬಾಹ್ಯಾಕಾಶದ್ದು, ಸಮುದ್ರದ್ದು, ದೆವ್ವದ್ದು. ಅವರು ಸರ್ಕಸ್ಸಿನ ಚಿತ್ರವಿರುವ ಒಂದು ಹಳೆಯ ನಮೂನೆಯ ಟೇಬಲ್ ಬಿಟ್ಟು ಇನ್ನೊಂದನ್ನು ಮುಟ್ಟಲಿಲ್ಲ. "ಜೂನಿಯರ್ ಪಾಸಾಗದ ಸೀನಿಯರ್ ಎಲ್ಲಿ?" ಎಂದರು. ಗುಂಡಿನ ವೇಗ ಕಡಿಮೆ ಮಾಡಿಕೊಡುತ್ತೇನೆಂದಾಗ ಅಡಿಪಟ್ಟಿ ತೋರಿಸಿದರು. ಒಂದು ಸಲ ಮಾತ್ರ ಅವರ ದೂರು ನಿಜವಾಗಿತ್ತು. "ನಾ ಒತ್ತಿದ ಮ್ಯಾಲ ಅದು ಜರಾ ವಿಚಾರ ಮಾಡಿ ಏಳಾಕತ್ತೈತಿ," ಎಂದರು. ಹೌದು, ಟಿವಿ ಚಿತ್ರವನ್ನು ತುಸು ತಡವಾಗಿ ತೋರಿಸುತ್ತಿತ್ತು. ಸೆಟ್ಟಿಂಗಿನಲ್ಲಿ ಗೇಮ್ ಮೋಡ್ ಹಾಕಿದ ಮೇಲೆ ಸರಿಹೋಯಿತು.

ರೈಲಿನದು ಇನ್ನೊಂದು ತೊಡಕು. ನಿಜವಾದ ಪಿನ್‌ಬಾಲ್ ಯಂತ್ರವನ್ನು ಆಟಗಾರ ಕೈಯಿಂದ ತುಸು ಅಲುಗಿಸಿ ಗುಂಡಿನ ದಾರಿ ತಿರುಗಿಸಬಹುದು. ಅದಕ್ಕಾಗಿ ಪೆಟ್ಟಿಗೆಯೊಳಗೆ ಅಲುಗಾಟ ಅರಿಯುವ ಒಂದು ಸೆನ್ಸರ್ ಹಾಕಿದ್ದೆ. ಅಕ್ಕೋರ ಮನೆ ಹಳಿಗೆ ಅಂಟಿದ ಓಣಿಯಲ್ಲಿ. ಗೂಡ್ಸ್ ಗಾಡಿ ಹೋಗುವಾಗ ಇಡೀ ಮನೆ ನಡುಗುತ್ತದೆ. ಸೆನ್ಸರ್ ಅದನ್ನು ಆಟಗಾರನ ಕೈಯೆಂದೇ ತಿಳಿದು ಉರುಳುವ ಗುಂಡನ್ನು ಓರೆಗೆ ತಳ್ಳುತ್ತಿತ್ತು. ಸೆನ್ಸರ್ ತೆಗೆದುಬಿಡುತ್ತೇನೆಂದೆ.

"ರೈಲು ಇಲ್ಲಿ ನನಗಿಂತ ಮೊದಲಿನಿಂದ ಐತಿ. ಮಷೀನ್ ನಿನ್ನೆ ಬಂದೈತಿ. ಯಾರು ಯಾರಿಗೆ ಹೊಂದ್ಕೋಬೇಕು? ಇರಲಿ."

ಕೈ ಪೂರ್ತಿ ಬಂತೆಂದು ಹೇಳಿದರೆ ಸುಳ್ಳಾಗುತ್ತದೆ. ಒಂದು ದಿನ ಬೆರಳು ಮಾತು ಕೇಳಿದರೆ ಮರುದಿನ ಕೇಳುತ್ತಿರಲಿಲ್ಲ. ಗುಂಡನ್ನು ಎತ್ತಿದ ತೋಳಿನ ಮಡಿಲಲ್ಲಿ ಹಿಡಿದು ನಿಲ್ಲಿಸುವುದು ಬೇಗ ಬಂತು, ಯಾಕೆಂದರೆ ಹಿಡಿಯುವುದು ಆ ಕೈಗೆ ಬರುತ್ತಿತ್ತು. ಬಿಡುವುದು ಬರುತ್ತಿರಲಿಲ್ಲ. ಬಲಗೈ ತಂದು ಬಿಡಿಸಿದರೆ ಬಲ ತೋಳು ಕಾಯುವವರಿಲ್ಲದೆ ಗುಂಡು ಹೋಗುತ್ತಿತ್ತು. ಹಾಗಾದಾಗ ಅವರು ಬೈಯುವುದು ತಮ್ಮ ಬೆರಳನ್ನೇ, ಹಳೆಯ ವಿದ್ಯಾರ್ಥಿನಿಯನ್ನು ಬೈದಂತೆ. "ಹೊಡದು ಬಿಡು ಅಂದ್ರ ತಿಳಿಯಂಗಿಲ್ಲೇನು? ಎಷ್ಟ ಸಲ ಹೇಳಬೇಕು ನಿನಗ?" ಮೇಲಿನ ಕೋಣೆಯಲ್ಲಿ ಪಾಠದ ತಯಾರಿ ಮಾಡುತ್ತ ನಾನು ಆ ಟಕ್ ಸದ್ದಿಗೆ ಕಿವಿಗೊಡುತ್ತಿದ್ದೆ. ಕಾಂಟ್ಯಾಕ್ಟರ್ ಹಿಡಿದಾಗ ಒಂದು ಸದ್ದು, ಬಿಟ್ಟಾಗ ಇನ್ನೊಂದು ಮೆತ್ತನೆಯ ಸದ್ದು. ಆ ಎರಡನೆಯದು ಬರುತ್ತದೆಯೇ ಎಂದು ಪುಸ್ತಕದ ಮೇಲೆ ಪೆನ್ನು ಹಿಡಿದು ಕಾಯುತ್ತಿದ್ದೆ. ಬಕ್ರೀದ್ ಹತ್ತಿರವಾದಂತೆ ಕೆಲವೊಮ್ಮೆ ಬರುತ್ತಿತ್ತು.

ಹಬ್ಬ ಮುಗಿದ ಮೇಲಿನ ರವಿವಾರ ತಮ್ಮ ಬಂದರು. ಬಾಗಿಲ ಮುಂದೆ ಟೆಂಪೊ ನಿಂತಿತ್ತು, ಅದರಲ್ಲಿ ಹಗ್ಗ, ಖಾಲಿ ಗೋಣಿಚೀಲಗಳು. ಅಕ್ಕೋರು ಮೊದಲು ಚಹಾ ಕೊಟ್ಟರು. ತಮ್ಮ ಕುಡಿದು, ಕಪ್ಪನ್ನು ಬಸಿಯಲ್ಲಿಟ್ಟು ಕಿಟಕಿಯ ಬಳಿಯ ಕುರ್ಚಿಯಲ್ಲಿ ಕೂತರು. ನಾನು ಬಾಗಿಲಲ್ಲಿ ನಿಂತೆ.

"ಮೂರು ಗುಂಡು," ಎಂದರು ಅಕ್ಕೋರು, ಪ್ರಶ್ನೆಪತ್ರಿಕೆ ಓದಿ ಹೇಳುವ ದನಿಯಲ್ಲಿ. ಸ್ಟೂಲಿನ ಮೇಲೆ ಕೂತು, ಎರಡೂ ಪಕ್ಕಕ್ಕೆ ಕೈ ಇಳಿಸಿದರು.

ಮೊದಲ ಗುಂಡನ್ನು ಎಡಗೈಯಿಂದ ಚೆನ್ನಾಗಿಯೇ ಹೊಡೆದರು. ಬೆರಳು ಏಳಲಿಲ್ಲ. ತೋಳು ಮೇಲೆಯೇ ನಿಂತಿತು, ತಿರುಗಿ ಬಂದ ಗುಂಡು ಅದರ ಕೆಳಗೆ ಹಾದು ಹೋಯಿತು. ಬಲಗೈ ತಂದು ಬೆರಳು ಬಿಡಿಸಿಕೊಂಡರು. ತಮ್ಮ ನೆಲ ನೋಡಿದರು. ಎರಡನೆಯದು ಯಾವ ತೋಳಿಗೂ ಸಿಗದೆ ನಡುವೆ ನೇರವಾಗಿ ಇಳಿದುಹೋಯಿತು. ಅದಕ್ಕೆ ಯಾರೂ ಏನೂ ಮಾಡುವಂತಿರಲಿಲ್ಲ.

ಮೂರನೆಯ ಗುಂಡು ಬಹಳ ಹೊತ್ತು ಮೇಲೆಯೇ ಅಡ್ಡಾಡಿತು. ಬಲಗೈ ಎರಡು ಸಲ ಅದನ್ನು ಹಿಂದೆ ಕಳಿಸಿತು. ಆಮೇಲೆ ಅದು ಎಡಗಡೆಯ ಓಣಿ ಹಿಡಿದು ಮೆಲ್ಲಗೆ ಉರುಳಿ ಬಂತು. ಟಕ್. ತೋಳು ಎದ್ದಿತು, ಗುಂಡು ಅದರ ಮಡಿಲಿಗೆ ಬಂದು ನಿಂತಿತು.

ನಿಂತೇ ಇತ್ತು.

ಅಕ್ಕೋರು ಅಲುಗಲಿಲ್ಲ. ಕಣ್ಣು ಗುಂಡಿನ ಮೇಲಿತ್ತು, ಕೈಯ ಮೇಲಲ್ಲ. ಎಡಗೈಯ ನರ ಉಬ್ಬಿದ್ದು ನನಗೆ ಬಾಗಿಲಿನಿಂದ ಕಾಣಿಸಿತು. ನಾನು ಆ ಎರಡನೆಯ ಸದ್ದಿಗೆ ಕಾದೆ. ಬರಲಿಲ್ಲ. ತಮ್ಮ ಎದ್ದು ನಿಂತರು.

"ಸಿಕ್ಕೊಂತು ಆಪಾ. ತಡಿ, ನಾ ಬಿಡಸ್ತೇನಿ."

"ಕೂಡು."

"ಸಾಕು ಬಿಡ. ಬೆರಳ ಬ್ಯಾನಿ ಆಗತೈತಿ. ನಾ ಏನೂ ಅನ್ನಂಗಿಲ್ಲ..."

"ಕೂಡು ಅಂದ್ನಿ."

ತಮ್ಮ ಹತ್ತಿರ ಬಂದು, ಅವರ ಕೈಗೆ ಕೈ ಚಾಚಿದವರು, ಅಲ್ಲಿಯೇ ನಿಂತರು. ಕುರ್ಚಿಯ ಪಕ್ಕದಲ್ಲಿಟ್ಟಿದ್ದ ಚಹಾದ ಕಪ್ಪು ತನ್ನ ಬಸಿಯ ಮೇಲೆ ಸಣ್ಣಗೆ ಕಿಣಿಕಿಣಿ ಎನ್ನತೊಡಗಿತ್ತು. ಆಮೇಲೆ ಕಿಟಕಿಯ ಸರಳು, ಆಮೇಲೆ ನೆಲ. ಗೂಡ್ಸ್ ಗಾಡಿ ಬರುತ್ತಿತ್ತು. ರೈಲ್ವೆ ಗೇಟಿನ ಕಡೆಯಿಂದ ಬಂದ ಅದರ ಕೂಗನ್ನು ಅಕ್ಕೋರೊಬ್ಬರೇ ಕೇಳಿಸಿಕೊಂಡಿದ್ದರು. ಈಗ ಬಿಟ್ಟರೆ ಉರುಳುವ ಗುಂಡು ಓರೆಯಾಗುತ್ತದೆ. ಹಿಡಿದಿದ್ದರೆ ಮಡಿಲಲ್ಲಿ ನಡುಗುತ್ತದೆ, ಅಷ್ಟೇ. ಡಬ್ಬಿಯ ಹಿಂದೆ ಡಬ್ಬಿ ಹೋಗುತ್ತಲೇ ಇತ್ತು. ಏನಾದರೂ ಹೇಳಿದರೂ ಯಾರಿಗೂ ಕೇಳಿಸುವಂತಿರಲಿಲ್ಲ. ತಮ್ಮ ಚಾಚಿದ ಕೈಯನ್ನು ನಿಧಾನವಾಗಿ ಹಿಂದೆ ತೆಗೆದುಕೊಂಡರು.

ಕೊನೆಯ ಡಬ್ಬಿ ಹೋಯಿತು. ನೆಲ ಸುಮ್ಮನಾಯಿತು, ಸರಳು ಸುಮ್ಮನಾಯಿತು. ಕಪ್ಪಿನ ಸದ್ದು ಪೂರಾ ನಿಲ್ಲುವ ತನಕ ಅಕ್ಕೋರು ಕಾದರು.

ಆಮೇಲೆ ಕಿರುಬೆರಳು ಎದ್ದಿತು. ಮೆತ್ತನೆಯ ಆ ಎರಡನೆಯ ಸದ್ದು ಬಂತು. ತೋಳು ಇಳಿಯಿತು, ಗುಂಡು ಅದರ ಮೇಲೆ ತುದಿಯ ಕಡೆಗೆ ಉರುಳಿತು. ಇನ್ನೇನು ಜಾರಬೇಕು ಎನ್ನುವಾಗ, ಟಕ್. ಗುಂಡು ಸರ್ಕಸ್ಸಿನ ಡೇರೆಯ ನೆತ್ತಿಯ ತನಕ ನೇರವಾಗಿ ಹೋಯಿತು. ಬೆರಳು ಮತ್ತೆ ಎದ್ದಿತು.

ಮೇಲೆ ದೀಪಗಳು ಹೊತ್ತಿ ಅಂಕಗಳು ಏರುತ್ತಿದ್ದವು. ಅವರು ಅದನ್ನು ನೋಡಲಿಲ್ಲ. ಎರಡೂ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಗುಂಡು ತನ್ನಷ್ಟಕ್ಕೆ ಕೆಳಗಿಳಿದು ಹೋಯಿತು.

"ಇನ್ನೊಂದ ಸಲ ತೋರಸ," ಎಂದರು ತಮ್ಮ.

"ಪರೀಕ್ಷಾ ಒಂದ ಸಲ ಲೇ," ಎಂದು ಅಕ್ಕೋರು ನನ್ನ ಕಡೆ ತಿರುಗಿದರು. "ಹಾಳಿ ತಗೀ, ತಂಗಿ."

ನಾನು ಮಷೀನು ಆರಿಸಿದೆ. ತಮ್ಮ ಹೊರಗೆ ಹೋಗಿ, ಟೆಂಪೊದವನಿಗೆ ಖಾಲಿಯಾಗಿಯೇ ತಿಕೋಟಾಕ್ಕೆ ಹೋಗಲು ಹೇಳುತ್ತಿದ್ದುದು ಕೇಳಿಸಿತು.